ಆದಿಯ ಪ್ರಶ್ನೆ, ಅನಾದಿಯ ಉತ್ತರ: ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಸೀಮೆಯ ಸೃಷ್ಟಿವಾದಗಳು

ಕನ್ನಡ ಜಾನಪದ ಅಧ್ಯಯನದಲ್ಲಿ ಸೃಷ್ಟಿಕಥೆಗಳನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಎರಡು ಜಾಡುಗಳಲ್ಲಿ ಸಾಗಿಬಂದಿದೆ. ಒಂದು, ಆಶಯಗಳ ವರ್ಗೀಕರಣ. ಎರಡು, ಅವುಗಳ ಹಿಂದಿರುವ ಸಮುದಾಯದ ನಂಬಿಕೆ, ಆಚರಣೆ, ಕುಲಮೂಲಗಳ ವಿವರಣೆ. ಇತ್ತೀಚಿನ ವರ್ಷಗಳಲ್ಲಿ ಮೂರನೆಯ ಜಾಡೊಂದು ಸೇರಿಕೊಂಡಿದೆ. ಆಧುನಿಕ ವಿಜ್ಞಾನವು ಹೇಳುವ ಮಹಾಸ್ಫೋಟವನ್ನು ನಮ್ಮ ಜನಪದರು ಮೊದಲೇ ಬಲ್ಲವರಾಗಿದ್ದರು ಎಂದು ಸಾಧಿಸುವ ಉತ್ಸಾಹ ಅದು. ಮೇಲ್ನೋಟಕ್ಕೆ ಈ ಮೂರೂ ಪರಸ್ಪರ ಭಿನ್ನವೆಂದು ತೋರಿದರೂ ಒಂದು ಅಂಶದಲ್ಲಿ ಏಕಾಭಿಪ್ರಾಯ ಹೊಂದಿವೆ: ಸೃಷ್ಟಿಯನ್ನು ಕುರಿತ ಹಾಡು ಅಥವಾ ಕಥೆ ಎಂದರೆ ಒಂದು ಉತ್ತರ. ಅದನ್ನು ಒಂದು ವಾದವೆಂದು, ಒಪ್ಪಬಹುದಾದ ಅಥವಾ ಖಂಡಿಸಬಹುದಾದ ತರ್ಕವೆಂದು ಓದುವ ಪ್ರಯತ್ನ ನಮ್ಮಲ್ಲಿ ವಿರಳ. ಶಾಸ್ತ್ರಕಾರರು ವಾದಿಸುತ್ತಾರೆ, ಜನಪದರು ನಂಬುತ್ತಾರೆ ಎಂಬ ಭೇದವು ನಮ್ಮ ಜ್ಞಾನಶಿಸ್ತಿನೊಳಗೇ ಎಷ್ಟು ಆಳವಾಗಿ ಇಳಿದಿದೆಯೆಂದರೆ, ಇಡೀ ರಾತ್ರಿ ವಾದವನ್ನೇ ಹಾಡುವ ಪ್ರಕಾರಗಳನ್ನೂ ನಾವು 'ಮನರಂಜನೆ' ಎಂಬ ಶೀರ್ಷಿಕೆಯಡಿ ಇರಿಸಿ ಮುಂದೆ ಸಾಗಿದ್ದೇವೆ.

ಸ್ಟಿತ್ ಥಾಂಪ್ಸನ್ ಅವರ ಆಶಯಸೂಚಿಯಲ್ಲಿ ವಿಶ್ವೋತ್ಪತ್ತಿ ಮತ್ತು ವಿಶ್ವಸ್ವರೂಪದ ಆಶಯಗಳು 'ಎ' ವರ್ಗದಲ್ಲಿ 600ರಿಂದ 899ರವರೆಗಿನ ಸಂಖ್ಯೆಗಳಲ್ಲಿವೆ. ಕೊನೆಯಿಲ್ಲದ ಕಥೆಗಳು 'ಝಡ್' ವರ್ಗದ 11ನೆಯ ಸಂಖ್ಯೆಯಲ್ಲಿವೆ. ಆದಿಯ ಪ್ರಶ್ನೆ ಸೂಚಿಯ ಆರಂಭದಲ್ಲಿ, ಅನಂತದ ಪ್ರಶ್ನೆ ಸೂಚಿಯ ಅಂಚಿನಲ್ಲಿ. ಅನುಕೂಲಕ್ಕಾಗಿ ಮಾಡಿದ ಈ ವಿಂಗಡಣೆ ತತ್ತ್ವದ ದೃಷ್ಟಿಯಿಂದ ದೊಡ್ಡ ನಷ್ಟ. ಏಕೆಂದರೆ ಲೋಕಕ್ಕೆ ಆದಿಯಿತ್ತೇ ಎಂಬ ಪ್ರಶ್ನೆಯು ಮೂಲತಃ ಅನಂತವನ್ನು ಕುರಿತ ಪ್ರಶ್ನೆ. ಹಿಂದೆ ಹಿಂದೆ ಹೋಗುವ ದಾರಿಗೆ ತುದಿಯಿದೆಯೇ ಇಲ್ಲವೇ ಎಂದು ಕೇಳದೆ ಆದಿಯನ್ನು ಕುರಿತು ಏನನ್ನೂ ಹೇಳಲಾಗದು.

ಪ್ರಸ್ತುತ ಲೇಖನವು ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಅವಲೋಕನಕ್ಕೆ ಆಯ್ದುಕೊಂಡಿದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಒಂದು ದಿನದ ಪ್ರಯಾಣದಲ್ಲಿ ಸುತ್ತಿ ಬರಬಹುದಾದಷ್ಟು ನೆಲದಲ್ಲಿ, ಸೃಷ್ಟಿಯನ್ನು ಕುರಿತು ಪರಸ್ಪರ ವಿರುದ್ಧವಾದ ನಿಲುವುಗಳು ಸಾವಿರದ ನೂರು ವರ್ಷಗಳ ಅವಧಿಯಲ್ಲಿ ಒಂದರ ಮೇಲೊಂದು ಹರಡಿಕೊಂಡಿವೆ. ಶಿಗ್ಗಾಂವ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಗೊಂಡ ಮೇಲೆ ಈ ಸೀಮೆಯ ಸಾಮಗ್ರಿ ಅಧ್ಯಯನಕ್ಕೆ ಇನ್ನಷ್ಟು ಹತ್ತಿರ ಬಂದಿದೆ. ಹತ್ತಿರ ಬಂದದ್ದನ್ನು ಹೇಗೆ ಓದಬೇಕೆಂಬುದು ಮಾತ್ರ ಇತ್ಯರ್ಥವಾಗಿಲ್ಲ.

ಮೊದಲು ಸಮಸ್ಯೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅದಕ್ಕೆ ನಮ್ಮ ಅಜ್ಜಿಯರು ಹೇಳುವ ಕೊನೆಯಿಲ್ಲದ ಕಥೆಯೇ ಸಾಕು. ಮುಗಿಯದ ಕಥೆ ಹೇಳಿದವರಿಗೆ ಬಹುಮಾನವೆಂದು ಅರಸನು ಡಂಗುರ ಸಾರಿಸುತ್ತಾನೆ. ಒಬ್ಬ ಜಾಣನು ಬಂದು ಕಣಜವೊಂದನ್ನು, ಅದರಲ್ಲೊಂದು ಸಣ್ಣ ಕಿಂಡಿಯನ್ನು, ಆ ಕಿಂಡಿಯಿಂದ ಒಂದೊಂದೇ ಕಾಳು ಒಯ್ಯುವ ಗುಬ್ಬಿಗಳನ್ನು ಕಥೆಯೊಳಗೆ ತರುತ್ತಾನೆ. ಒಂದು ಗುಬ್ಬಿ ಬಂತು, ಒಂದು ಕಾಳು ಒಯ್ದಿತು. ಇನ್ನೊಂದು ಗುಬ್ಬಿ ಬಂತು, ಇನ್ನೊಂದು ಕಾಳು ಒಯ್ದಿತು. ಅರಸನು ಸೋಲುತ್ತಾನೆ. ಈ ಕಥೆಯಲ್ಲಿರುವುದು ಮುಂದಕ್ಕೆ ಚಾಚಿಕೊಂಡ ಅನಂತ. ಯಾವ ಗಳಿಗೆಯಲ್ಲಿ ನಿಲ್ಲಿಸಿ ಎಣಿಸಿದರೂ ಹೋಗಿರುವ ಗುಬ್ಬಿಗಳ ಸಂಖ್ಯೆ ಮಿತವಾದುದೇ. ಮುಗಿಯದಿರುವುದು ಎಣಿಕೆಯ ಕ್ರಿಯೆ ಮಾತ್ರ. ಕೇಳುವ ಮಗುವಿಗೆ ಇದರಲ್ಲಿ ಬೇಸರವಿದೆ, ವಿರೋಧಾಭಾಸವಿಲ್ಲ.

ಈಗ ಅದೇ ಕಥೆಯನ್ನು ಹಿಂದುಮುಂದಾಗಿಸಿ ನೋಡೋಣ. ಅರಮನೆಯೊಳಕ್ಕೆ ಕಾಲಿಡುವಾಗ ಕಥೆಗಾರನು ಈಗತಾನೇ ಕೊನೆಯ ಗುಬ್ಬಿ ಕೊನೆಯ ಕಾಳನ್ನು ಒಯ್ದಿತೆಂದು ಹೇಳಿ ಮುಗಿಸುತ್ತಾನೆ. ಯಾವಾಗ ಆರಂಭಿಸಿದೆ ಎಂದು ಕೇಳಿದರೆ, ಆರಂಭಿಸಿಯೇ ಇಲ್ಲ, ಮೊದಲಿನಿಂದಲೂ ಹೇಳುತ್ತಲೇ ಇದ್ದೆ ಎನ್ನುತ್ತಾನೆ. ಇಲ್ಲಿ ಅರಸನಿಗೆ ಬೇಸರವಲ್ಲ, ದಿಗಿಲು. ಆರಂಭವೇ ಇಲ್ಲದ ಕಥೆ ಇಂದು ಏಕೆ ಮುಗಿಯಬೇಕು, ನಿನ್ನೆಯೇ ಏಕೆ ಮುಗಿದಿರಲಿಲ್ಲ? ಮುಗಿಯಲು ಬೇಕಾದಷ್ಟು ಕಾಲ ನಿನ್ನೆಯ ಹೊತ್ತಿಗೂ ಕಳೆದಿತ್ತಲ್ಲ? ಲೋಕಕ್ಕೆ ಆದಿಯಿದೆ ಎನ್ನುವವರ ಪ್ರಬಲವಾದ ತರ್ಕ ಇದುವೇ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಜಾನ್ ಫಿಲೊಪೊನಸ್, ಅರಿಸ್ಟಾಟಲನ ಅನಾದಿವಾದವನ್ನು ವಿರೋಧಿಸುತ್ತ ಅನಂತವನ್ನು ದಾಟಿ ಬರಲಾಗದು ಎಂಬ ವಾದವನ್ನು ಮುಂದಿಟ್ಟನು. ಇಸ್ಲಾಮೀ ಕಲಾಮ್ ಪಂಥದ ಚಿಂತಕರು ಅದನ್ನು ಬೆಳೆಸಿದರು.

ಅಲ್ ಘಜಾಲಿಯು 1095ರಲ್ಲಿ ರಚಿಸಿದ ತತ್ತ್ವಜ್ಞಾನಿಗಳ ಖಂಡನಗ್ರಂಥದಲ್ಲಿ ಗ್ರಹಗಳ ಲೆಕ್ಕವನ್ನೇ ಪುರಾವೆಯಾಗಿ ತರುತ್ತಾನೆ. ಶನಿಯ ಒಂದು ಸುತ್ತಿಗೆ ಸುಮಾರು ಮೂವತ್ತು ವರ್ಷ. ಏಳೂವರೆ ಶನಿಯ ಲೆಕ್ಕ ಬಲ್ಲ ನಮ್ಮ ಹಳ್ಳಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶನಿಯು ಒಮ್ಮೆ ಸುತ್ತುವಾಗ ಸೂರ್ಯನು ಮೂವತ್ತು ಬಾರಿ ಸುತ್ತಿರುತ್ತಾನೆ. ಲೋಕವು ಅನಾದಿಯಾದರೆ ಎರಡರ ಸುತ್ತುಗಳೂ ಅನಂತ. ಒಂದು ಇನ್ನೊಂದರ ಮೂವತ್ತನೆಯ ಒಂದು ಪಾಲಾಗಿಯೂ ಎರಡೂ ಸರಿಸಮ! ಇದು ಅಸಂಗತವೆಂಬುದು ಅವನ ತೀರ್ಮಾನ. ಅವನು ಬಾಗ್ದಾದಿನಲ್ಲಿ ಇದನ್ನು ಬರೆಯುತ್ತಿದ್ದ ಕಾಲದಲ್ಲಿ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದನು. ಪಾನುಂಗಲ್ಲು, ಅಂದರೆ ಇಂದಿನ ಹಾನಗಲ್ಲ, ಕದಂಬರ ಆಡಳಿತ ಕೇಂದ್ರವಾಗಿತ್ತು.

ಘಜಾಲಿಯ ಎರಡನೆಯ ವಾದವು ಇಂದು ನಿಲ್ಲುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗೆಯೋರ್ಗ್ ಕ್ಯಾಂಟರ್ ತೋರಿಸಿದಂತೆ, ಅನಂತ ಸಮೂಹವೊಂದು ತನ್ನದೇ ಭಾಗದೊಡನೆ ಒಂದಕ್ಕೊಂದು ಜೋಡಿಯಾಗಬಲ್ಲದು. ಅನಂತದ ಲಕ್ಷಣವೇ ಅದು. ಸಮಸಂಖ್ಯೆಗಳನ್ನೂ ಎಲ್ಲ ಸಂಖ್ಯೆಗಳನ್ನೂ ಜೊತೆಗೂಡಿಸಿದರೆ ಯಾವುದೂ ಉಳಿಯುವುದಿಲ್ಲ. ಮಿತವಾದುದರ ನಿಯಮವನ್ನು ಅನಂತಕ್ಕೆ ಹೊರಿಸಿದ್ದೇ ಇಲ್ಲಿನ ದೋಷ. ಮೊದಲನೆಯ ವಾದ ಮಾತ್ರ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಕೊಡುವ ಉತ್ತರವಿಷ್ಟು: ಆರಂಭವಿಲ್ಲದ ಕಥೆಯಲ್ಲಿ ಯಾವ ಗುಬ್ಬಿಯನ್ನು ಬೆರಳಿಟ್ಟು ತೋರಿಸಿದರೂ ಅದರಿಂದ ಇಂದಿನವರೆಗಿನ ದೂರ ಮಿತವಾದುದೇ. ಅನಂತ ದೂರದಲ್ಲಿ ನಿಂತ ಗುಬ್ಬಿ ಎಂಬುದೊಂದಿಲ್ಲ. 'ದಾಟಿ ಬರುವುದು' ಎಂಬ ಮಾತೇ ಎಲ್ಲೋ ಒಂದು ಹೊರಟ ತಾಣವನ್ನು ಗುಟ್ಟಾಗಿ ಒಳಗೆ ತರುತ್ತದೆ. ಈ ಉತ್ತರ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅದು ಅನಾದಿಯು ಅಸಂಭವವಲ್ಲವೆಂದು ತೋರಿಸುತ್ತದೆಯೇ ಹೊರತು ಲೋಕವು ಅನಾದಿಯೆಂದು ಸಾಧಿಸುವುದಿಲ್ಲ. ಅರಸನ ದಿಗಿಲನ್ನೂ ಪೂರ್ತಿ ನೀಗುವುದಿಲ್ಲ. 1781ರಲ್ಲಿ ಇಮ್ಯಾನ್ಯುಯೆಲ್ ಕಾಂಟ್ ಎರಡೂ ಪಕ್ಷಗಳ ವಾದವನ್ನು ಎದುರುಬದುರಾಗಿ ಇರಿಸಿ, ಎರಡೂ ಪಕ್ಷಗಳು ಪರಸ್ಪರರನ್ನು ಸೋಲಿಸುತ್ತವೆ ಎಂದು ತೋರಿಸಿದ್ದು ಈ ಹಿನ್ನೆಲೆಯಲ್ಲಿಯೇ. ಅವನ ಪುಟದ ವಿನ್ಯಾಸವನ್ನು ನೋಡಿದಾಗ ಹರದೇಶಿ ನಾಗೇಶಿಯ ಎರಡು ಮೇಳಗಳು ಎದುರುಬದುರು ಕುಳಿತಂತೆ ನನಗೆ ಕಾಣುತ್ತದೆ.

ಈಗ ಸೀಮೆಗೆ ಬರೋಣ. ಶಿಗ್ಗಾಂವ ತಾಲ್ಲೂಕಿನ ಬಂಕಾಪುರವು ಈ ವಾದದ ಇತಿಹಾಸದಲ್ಲಿ ನಾವು ಕೊಟ್ಟಿರುವುದಕ್ಕಿಂತ ದೊಡ್ಡ ಸ್ಥಾನಕ್ಕೆ ಅರ್ಹವಾದ ಊರು. ಜಿನಸೇನಾಚಾರ್ಯರು ಆರಂಭಿಸಿದ ಸಂಸ್ಕೃತ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರರು ಉತ್ತರಪುರಾಣವನ್ನು ರಚಿಸಿ ಪೂರೈಸಿದರು. ಆ ಕೃತಿಯ ಪ್ರಶಸ್ತಿಯು ಶಕ 820ನ್ನು, ಅಂದರೆ ಸುಮಾರು ಕ್ರಿ.ಶ. 898ನ್ನು, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಸಾಮಂತನಾದ ಲೋಕಾದಿತ್ಯನ ಬಂಕಾಪುರದೊಂದಿಗೆ ಜೋಡಿಸಿ ಹೇಳುತ್ತದೆ. ಇದೇ ಮಹಾಪುರಾಣದ ಮೊದಲ ಭಾಗವಾದ ಆದಿಪುರಾಣದಲ್ಲಿ ಜಿನಸೇನರು ಸೃಷ್ಟಿಕರ್ತೃವಾದವನ್ನು ಖಂಡಿಸಿದ್ದಾರೆ. ಪಂಪನು 941ರಲ್ಲಿ ಕನ್ನಡದಲ್ಲಿ ಬರೆದ ಆದಿಪುರಾಣಕ್ಕೆ ಮೂಲವಾದುದೂ ಇದೇ ಗ್ರಂಥ.

ಜಿನಸೇನರ ವಾದದ ತಿರುಳನ್ನು ಹೀಗೆ ಸಂಗ್ರಹಿಸಬಹುದು. ಲೋಕವನ್ನು ಒಬ್ಬನು ನಿರ್ಮಿಸಿದನೆಂದರೆ ನಿರ್ಮಾಣಕ್ಕೆ ಮೊದಲು ಅವನು ಎಲ್ಲಿದ್ದನು? ಸಾಮಗ್ರಿಯಿಲ್ಲದೆ ಯಾವುದನ್ನೂ ಮಾಡಲಾಗದು. ಸಾಮಗ್ರಿಯನ್ನೂ ಅವನೇ ಮಾಡಿದನೆಂದರೆ ಆ ಸಾಮಗ್ರಿಗೆ ಇನ್ನೊಂದು ಸಾಮಗ್ರಿ ಬೇಕಾಗುತ್ತದೆ, ಅದಕ್ಕೆ ಮತ್ತೊಂದು. ಸಾಮಗ್ರಿಯು ತನ್ನಷ್ಟಕ್ಕೆ ತಾನೇ ಇತ್ತೆಂದು ಒಪ್ಪಿದರೆ, ಲೋಕವೇ ತನ್ನಷ್ಟಕ್ಕೆ ತಾನಿದೆಯೆಂದು ಒಪ್ಪಲು ಅಡ್ಡಿಯೇನು? ಕೃತಕೃತ್ಯನಾದವನಿಗೆ ಮಾಡಬೇಕೆಂಬ ಬಯಕೆ ಹುಟ್ಟುವುದಾದರೂ ಹೇಗೆ? ಆದ್ದರಿಂದ ಲೋಕವು ಅನಾದಿನಿಧನ. ಕಾರ್ಲ್ ಸೇಗನ್ ತಮ್ಮ 'ಕಾಸ್ಮೋಸ್' (1980) ಗ್ರಂಥದಲ್ಲಿ ವಿಶ್ವದ ಅಂಚನ್ನು ಕುರಿತ ಅಧ್ಯಾಯದ ತಲೆಯ ಮೇಲೆ ಜಿನಸೇನರ ಇದೇ ಮಾತುಗಳನ್ನು ಇರಿಸಿಕೊಂಡಿದ್ದಾರೆ. ಸೇಗನ್ ಅವರ ಓದುಗರು ಲೋಕದಾದ್ಯಂತ ಓದಿದ ವಾದಕ್ಕೆ ಬಂಕಾಪುರದ ನಂಟಿದೆ ಎಂಬುದು ಆ ಊರಿನ ಕೋಟೆಯನ್ನೂ ನಗರೇಶ್ವರ ದೇಗುಲವನ್ನೂ ನೋಡಲು ಬರುವವರಿಗೆ ತಿಳಿಸುವ ಸಂಗತಿಗಳಲ್ಲಿ ಸೇರಿದ್ದರೆ ಒಳ್ಳೆಯದಿತ್ತು.

ಜಿನಸೇನರ ತರ್ಕವು ನಿರ್ಮಾಪಕನನ್ನು ಕುರಿತು ಸಮರ್ಥವಾಗಿದೆ, ಆದಿಯನ್ನು ಕುರಿತು ಅಷ್ಟಲ್ಲ. ಮಾಡಿದವನಿಲ್ಲ ಎಂಬುದರಿಂದ ಮೊದಲಿರಲಿಲ್ಲ ಎಂಬುದು ತಾನಾಗಿ ಹೊರಡುವುದಿಲ್ಲ, ಮಾಡಿದವನಿಲ್ಲದೆಯೂ ಮೊದಲಿರಬಹುದು. ಇದಕ್ಕೆ ಪ್ರತಿಯಾಗಿ, ಮಾಡಿದವನಿದ್ದೂ ಮೊದಲಿಲ್ಲದಿರಬಹುದು. ಅನಾದಿಕಾಲದಿಂದ ಧೂಳಿನಲ್ಲಿ ನೆಟ್ಟ ಪಾದವೊಂದಿದ್ದರೆ ಅದರ ಗುರುತೂ ಅನಾದಿಯೇ. ಆದರೂ ಗುರುತಿಗೆ ಕಾರಣ ಪಾದವೇ ಎಂಬ ದೃಷ್ಟಾಂತವನ್ನು ಅಗಸ್ಟೀನನು ಎತ್ತುತ್ತಾನೆ. ಕ್ರೈಸ್ತ ಶ್ರದ್ಧೆಯವನಾದ ಥಾಮಸ್ ಅಕ್ವಿನಾಸನು ಸಹ ಲೋಕಕ್ಕೆ ಆದಿಯಿತ್ತೆಂಬುದನ್ನು ಶ್ರದ್ಧೆಯಿಂದ ನಂಬಬೇಕೇ ವಿನಾ ತರ್ಕದಿಂದ ಸಾಧಿಸಲಾಗದು ಎಂದನು. ಕಾರಣ ಮತ್ತು ಕಾಲ ಎಂಬ ಎರಡು ಎಳೆಗಳನ್ನು ಬಿಡಿಸಿಕೊಳ್ಳುವುದು ಮುಂದಿನ ಚರ್ಚೆಗೆ ಅತ್ಯವಶ್ಯ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಈ ಅನಾದಿಯು ಬೇರೆ ಸಂದರ್ಭದಲ್ಲಿ ಬರುತ್ತದೆ. ಜೀವಿಗಳ ಸುಖದುಃಖಗಳ ವ್ಯತ್ಯಾಸಕ್ಕೆ ಕರ್ಮವೇ ಕಾರಣವೆಂದರೆ, ಮೊಟ್ಟಮೊದಲ ಸೃಷ್ಟಿಗೆ ಮುನ್ನ ಕರ್ಮವೆಲ್ಲಿತ್ತು ಎಂಬ ಆಕ್ಷೇಪಕ್ಕೆ ಶಂಕರರು ಕೊಡುವ ಸಮಾಧಾನ, ಸಂಸಾರಕ್ಕೆ ಮೊದಲೇ ಇಲ್ಲವೆಂಬುದು. ನಿದರ್ಶನ, ಬೀಜ ಮತ್ತು ಮೊಳಕೆ. ಒಂದೊಂದು ಬೀಜಕ್ಕೂ ಹುಟ್ಟಿದೆ, ಬೀಜಪ್ರವಾಹಕ್ಕೆ ಹುಟ್ಟಿಲ್ಲ. ಜೀವ ಮತ್ತು ಪ್ರಕೃತಿಗಳ ಅನಾದಿತ್ವವನ್ನು ಮಾಧ್ವರೂ ಒಪ್ಪುತ್ತಾರೆ. ಉತ್ತರಾದಿಮಠದ ಸತ್ಯಬೋಧತೀರ್ಥರ ಬೃಂದಾವನವು ಸವಣೂರಿನಲ್ಲಿದೆ. ಅವರು ಬೃಂದಾವನಸ್ಥರಾದದ್ದು 1783ರಲ್ಲಿ. ಅದೇ ಊರು ನವಾಬರ ರಾಜಧಾನಿಯೂ ಆಗಿತ್ತು. ಲೋಕವು ದೇವರ ಆಜ್ಞೆಯಿಂದ ಆರಂಭಗೊಂಡಿತೆಂಬ ಶ್ರದ್ಧೆಯೂ, ಪ್ರವಾಹರೂಪವಾಗಿ ಅದು ಅನಾದಿಯೆಂಬ ಸಿದ್ಧಾಂತವೂ ಒಂದೇ ಪೇಟೆಯಲ್ಲಿ ನೆರೆಹೊರೆಯಾಗಿ ಬಾಳಿವೆ. ಇವೆರಡರ ನಡುವೆ ಸಭೆ ಸೇರಿ ವಾದ ನಡೆಯಿತೆಂದು ನಾನು ಹೇಳುತ್ತಿಲ್ಲ. ನೆರೆಹೊರೆಯವರ ನಡುವೆ ಎಲ್ಲವೂ ವಾದವಾಗಬೇಕಾಗಿಯೂ ಇಲ್ಲ.

ಬೀಜ ಮೊದಲೋ ಮರ ಮೊದಲೋ ಎಂಬುದು ಶಾಸ್ತ್ರದಿಂದ ಹಳ್ಳಿಗೆ ಇಳಿಯಿತೋ ಹಳ್ಳಿಯಿಂದ ಶಾಸ್ತ್ರಕ್ಕೆ ಏರಿತೋ ಎಂದು ಕೇಳುವುದು ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದಂತೆ. ಆದರೆ ದೃಷ್ಟಾಂತದ ಮಿತಿಯನ್ನು ಗಮನಿಸಬೇಕು. ಇಂದಿನ ಸಸ್ಯವಿಜ್ಞಾನದ ಪ್ರಕಾರ ಬೀಜ ಬಿಡುವ ಸಸ್ಯಗಳು ಬೀಜವಿಲ್ಲದ ಸಸ್ಯಗಳಿಂದ ಸುಮಾರು 36 ಕೋಟಿ ವರ್ಷಗಳ ಹಿಂದೆ ರೂಪುಗೊಂಡವು. ಎಂದಮೇಲೆ ಬೀಜ ಮತ್ತು ಮರಗಳ ಸರಣಿಗೂ ಒಂದು ಮೊದಲಿದೆ. ಬೀಜವೂ ಅಲ್ಲದ ಇಂದಿನ ಮರವೂ ಅಲ್ಲದ ಮೂರನೆಯದರಿಂದ ಎರಡೂ ಬಂದಿವೆ. ಅನಾದಿವಾದಿಗೆ ಇದರಿಂದ ಸೋಲಾಗದು, ಅವನು ಇನ್ನೂ ಹಿಂದಕ್ಕೆ ಸರಿಯಬಲ್ಲನು. ಬೀಜವೃಕ್ಷನ್ಯಾಯ ಮಾತ್ರ ತನ್ನ ಹೆಸರಿನ ನಿದರ್ಶನದಲ್ಲೇ ಸೋತಿದೆ. ನೈಯಾಯಿಕರು ಅನವಸ್ಥೆಯಲ್ಲಿ ಎರಡು ಬಗೆಯನ್ನು ಗುರುತಿಸಿ, ಮೂಲಕ್ಕೇ ಹಾನಿ ತರುವ ಅನವಸ್ಥೆ ದೋಷ, ಪ್ರಮಾಣದಿಂದ ಒಪ್ಪಬೇಕಾದ ಅನವಸ್ಥೆ ದೋಷವಲ್ಲ ಎಂದಿದ್ದಾರೆ. ಭೂಮಿಯನ್ನು ಶೇಷನು ಹೊತ್ತಿದ್ದಾನೆ, ಶೇಷನನ್ನು ಆಮೆ ಹೊತ್ತಿದೆ, ಆಮೆಯನ್ನು ಯಾರು ಎಂದು ಕೇಳಿದಾಗ ಹುಟ್ಟುವುದು ಮೊದಲನೆಯ ಬಗೆಯದು. ಹೊರುವವರ ಸಾಲು ಎಷ್ಟು ಉದ್ದವಾದರೂ ಭಾರ ಇಳಿಯುವುದಿಲ್ಲ. ಜಾನ್ ಲಾಕನು 1690ರ ತನ್ನ ಗ್ರಂಥದಲ್ಲಿ ಆನೆ, ಆಮೆಗಳ ಕೆಳಗೆ ಏನೆಂದು ಕೇಳಿದಾಗ ಏನೋ ಒಂದು ಎಂದು ತಡವರಿಸುವ 'ಹಿಂದೂಸ್ಥಾನಿ'ಯನ್ನು ಅಣಕಿಸುತ್ತಾನೆ. ಹಿಂದೂಸ್ಥಾನದ ಹಳ್ಳಿಗಳಲ್ಲಿ ಆ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆಂಬುದು ಅವನಿಗೆ ತಿಳಿದಿರಲಿಲ್ಲ.

ಹಿರೇಕೆರೂರ ತಾಲ್ಲೂಕಿನ ಅಬಲೂರು ನಮ್ಮನ್ನು ಬೇರೊಂದು ನೆಲೆಗೆ ಒಯ್ಯುತ್ತದೆ. ಸರ್ವಜ್ಞನ ಹೆಸರಿನೊಂದಿಗೂ ನಂಟು ಪಡೆದಿರುವ ಈ ಊರಿನ ಸೋಮೇಶ್ವರ ದೇಗುಲದಲ್ಲಿ ಸುಮಾರು 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯನು ಶಿವನೊಬ್ಬನೇ ಪರದೈವವೆಂದು ಸಾರಿದಾಗ ಊರಿನ ಜೈನರು ಪ್ರತಿಭಟಿಸಿದ್ದು, ಅವನು ತಲೆಯನ್ನೇ ಪಣವಾಗಿ ಒಡ್ಡಿ ಕತ್ತರಿಸಿಕೊಂಡು ಏಳು ದಿನಗಳ ಬಳಿಕ ಮರಳಿ ಪಡೆದದ್ದು, ಜಿನಬಿಂಬವನ್ನು ಭಂಗಿಸಿದ್ದು, ದೂರು ಬಿಜ್ಜಳನವರೆಗೆ ಹೋಗಿ ರಾಮಯ್ಯನಿಗೆ ಜಯಪತ್ರ ದೊರೆತದ್ದು ಅದರ ವಸ್ತು. ಬಂಕಾಪುರದಲ್ಲಿ ಜಿನಸೇನ ಪರಂಪರೆಯ ಗ್ರಂಥವು ಪೂಜೆಗೊಂಡ ಮುನ್ನೂರು ವರ್ಷಗಳ ತರುವಾಯ, ಅಲ್ಲಿಂದ ಬಹುದೂರವಲ್ಲದ ಊರಿನಲ್ಲಿ, ಕರ್ತೃವಿಲ್ಲದ ಲೋಕ ಮತ್ತು ಏಕೈಕ ಕರ್ತೃವುಳ್ಳ ಲೋಕಗಳ ನಡುವಣ ವಿವಾದವು ಪವಾಡದಿಂದ ತೀರ್ಮಾನವಾಯಿತೆಂದು ಕಲ್ಲು ಹೇಳುತ್ತದೆ. ಜಿನಸೇನರ ಒಂದು ಪ್ರಶ್ನೆಗೂ ಇಲ್ಲಿ ಉತ್ತರವಿಲ್ಲ. ಸಾಹಿತ್ಯಚರಿತ್ರೆಯು ಈ ಪ್ರಸಂಗವನ್ನು ಭಕ್ತಿಯ ವಿಜಯವೆಂದೋ ಮತಸಂಘರ್ಷವೆಂದೋ ಬಣ್ಣಿಸಿದೆ. ವಾದದ ಚರಿತ್ರೆಯ ಕಡೆಯಿಂದ ನೋಡಿದರೆ ಅಲ್ಲೊಂದು ಸಂಭಾಷಣೆ ಮುಗಿಯಿತು. ಸೋತವರು ಮರುವರ್ಷ ಬಂದು ಮರುಸವಾಲು ಹಾಕುವ ಅವಕಾಶ ಉಳಿಯಲಿಲ್ಲ.

ಆ ಅವಕಾಶವನ್ನು ಉಳಿಸಿಕೊಂಡ ಪ್ರಕಾರವೆಂದರೆ ಉತ್ತರ ಕರ್ನಾಟಕದ ಹರದೇಶಿ ನಾಗೇಶಿ ಹಾಡಿಕೆ. ಮಹಾರಾಷ್ಟ್ರದ ಕಲ್ಗಿ ತುರಾ ಪರಂಪರೆಯೊಡನೆ ಹತ್ತಿರದ ಸಂಬಂಧವುಳ್ಳ ಈ ಲಾವಣಿ ಮೇಳಗಳಲ್ಲಿ ತುರಾಯಿ ಅಥವಾ ಹರದೇಶಿ ಪಂಗಡವು ಶಿವ ಹೆಚ್ಚೆಂದೂ, ಕಲ್ಗಿ ಅಥವಾ ನಾಗೇಶಿ ಪಂಗಡವು ಶಕ್ತಿ ಹೆಚ್ಚೆಂದೂ ಸಾಧಿಸುತ್ತವೆ. ದಪ್ಪು, ತುಂತುಣಿ, ತಾಳಗಳೊಡನೆ ಸವಾಲು ಜವಾಬುಗಳು ಬೆಳಗಿನವರೆಗೆ ನಡೆಯುತ್ತವೆ. ನಾಗೇಶಿ ಪಕ್ಷವನ್ನು ಹೆಣ್ಣುಮಕ್ಕಳು ಹಾಡುವುದು ರೂಢಿ. ನಮ್ಮ ವಿದ್ವಾಂಸರಲ್ಲಿ ಅನೇಕರು ಇದನ್ನು ಹೆಣ್ಣುಗಂಡಿನ ಸರಸವೆಂದೋ ಜಗಳವೆಂದೋ ಕರೆದು, ಶಿವಶಕ್ತಿಯರ ಮಾತನ್ನು ಅದರ ಮೇಲಿನ ಪೌರಾಣಿಕ ಲೇಪವೆಂದು ಭಾವಿಸಿದ್ದಾರೆ. ಇದು ತಲೆಕೆಳಗಾದ ಓದು. ಲೋಕದಲ್ಲಿ ಮೊದಲು ಇದ್ದುದು ಯಾವುದು ಎಂಬುದೇ ಇಲ್ಲಿನ ಮೂಲ ವಿವಾದ. ಮನೆಯಲ್ಲಿ ಯಾರ ಮಾತು ನಡೆಯಬೇಕೆಂಬುದು ಅದರಿಂದ ಹೊರಡುವ ಫಲಿತ.

ವಾದಸರಣಿಯನ್ನು ಸ್ಥೂಲವಾಗಿ ಹೀಗೆ ನಿರೂಪಿಸಬಹುದು. ಬಿತ್ತದೆ ಬೆಳೆಯಿಲ್ಲ, ಬೀಜವು ಪುರುಷನದು, ಆದ್ದರಿಂದ ಪುರುಷನೇ ಮೊದಲು ಎಂದು ಹರದೇಶಿ. ಹೊಲವಿಲ್ಲದೆ ಬಿತ್ತಿದ್ದೆಲ್ಲಿ, ಹೊಲವು ಬೀಜಕ್ಕೆ ಮೊದಲೇ ಇರಬೇಕಲ್ಲ ಎಂದು ನಾಗೇಶಿ. ಹೊಲವಿದ್ದರೂ ಉಳುವವನಿಲ್ಲದೆ ಅದು ಬೀಳುಭೂಮಿ ಎಂದು ಮರುಮಾತು. ಉಳುವವನನ್ನು ಹೆತ್ತವರು ಯಾರು ಎಂದು ಮತ್ತೊಂದು. ಇಲ್ಲಿ 'ಮೊದಲು' ಎಂಬ ಒಂದೇ ಪದ ಮೂರು ಅರ್ಥಗಳಲ್ಲಿ ಓಡಾಡುತ್ತಿದೆ: ಕಾಲದಲ್ಲಿ ಮೊದಲು, ಕಾರಣದಲ್ಲಿ ಮೊದಲು, ಮರ್ಯಾದೆಯಲ್ಲಿ ಮೊದಲು. ದೀಪವೂ ಬೆಳಕೂ ಒಂದೇ ಗಳಿಗೆಯವು, ಆದರೂ ಕಾರಣವು ದೀಪ. ಸಭೆಗೆ ಮೊದಲು ಬಂದವನಿಗೆ ಮೊದಲ ತಾಂಬೂಲ ಸಿಗಲೇಬೇಕೆಂದಿಲ್ಲ. ಗಟ್ಟಿ ಹಾಡುಗಾರ್ತಿಯು ಎದುರಾಳಿಯು ಒಂದು ಅರ್ಥದಿಂದ ಇನ್ನೊಂದು ಅರ್ಥಕ್ಕೆ ಜಾರುವ ಗಳಿಗೆಯನ್ನು ಕಾಯುತ್ತಾಳೆ. ಮಣ್ಣಿನ ಕಾಲಪ್ರಾಶಸ್ತ್ಯವನ್ನು ಒಪ್ಪಿ ಬೀಜದ ಮರ್ಯಾದೆಯನ್ನು ಹೊಗಳತೊಡಗಿದೊಡನೆ ಹಿಡಿಯುತ್ತಾಳೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಛಲವನ್ನು ಬಯಲಿಗೆಳೆಯುವುದು ಎಂಬ ಹೆಸರಿದೆ. ಗೀಗೀ ಎನ್ನುವ ಹಿಮ್ಮೇಳ ಇದೆಯೆಂಬ ಕಾರಣಕ್ಕೆ ಆ ಹೆಸರನ್ನು ಇಲ್ಲಿ ಬಳಸಬಾರದೇಕೆ?

ಎರಡೂ ಪಕ್ಷಗಳು ಪ್ರಶ್ನಿಸದೆ ಒಪ್ಪಿಕೊಂಡ ಅಂಶವೊಂದಿದೆ: ಮೊದಲೊಂದು ಇದ್ದೇ ಇದೆ ಎಂಬುದು. ಅನಾದಿವಾದಿ ಜೈನನಿಗೆ ಈ ಕಟ್ಟೆಯ ಮೇಲೆ ಸ್ಥಳವಿಲ್ಲ. ಇದು ಪ್ರಕಾರದ ಮಿತಿ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಮಿತಿಯೊಳಗೆ ನಾಗೇಶಿಯ ಪಕ್ಷವು ತುಸು ಬಲವಾದುದೆಂದು ನನಗೆ ತೋರುತ್ತದೆ. ಹರದೇಶಿಯ ಪುರುಷನು ಏನನ್ನಾದರೂ ಮಾಡಿದಾಗ ಮಾತ್ರ ಮೊದಲಿಗನಾಗುತ್ತಾನೆ. ಮಾಡುವ ಬಲವನ್ನೇ ಶಕ್ತಿ ಎಂದು ಕರೆದ ಮೇಲೆ ಅವನ ಮೊದಲ ಹೆಜ್ಜೆಯೇ ಎದುರಾಳಿಯ ಅಂಗಳದಲ್ಲಿ ಬೀಳುತ್ತದೆ. ಜಿನಸೇನರ ಸಾಮಗ್ರಿಯ ಪ್ರಶ್ನೆಯು ಹೊಲದ ಪ್ರಶ್ನೆಯಾಗಿ ಮರುಹುಟ್ಟು ಪಡೆದಿದೆ. ಒಂದರಿಂದ ಇನ್ನೊಂದು ಬಂದಿದೆಯೆಂದು ಹೇಳಲು ಆಧಾರ ಬೇಕು. ತರ್ಕದ ಆಕಾರ ಮಾತ್ರ ಒಂದೇ.

ಹಳೆಯ ಮೈಸೂರು ಸೀಮೆಯ ಆದಿಶಕ್ತಿಯ ಕಥೆಯನ್ನು ಇಲ್ಲಿ ಹೋಲಿಕೆಗೆ ತರುವುದು ಅಗತ್ಯ. ಎ.ಕೆ. ರಾಮಾನುಜನ್ ಜಾನಪದ ಪುರಾಣಗಳನ್ನು ಕುರಿತ ತಮ್ಮ ಪ್ರಬಂಧದಲ್ಲಿ ಚರ್ಚಿಸಿರುವ ಪಾಠದಲ್ಲಿ ಆದಿಶಕ್ತಿಯು ಉಳಿದೆಲ್ಲಕ್ಕಿಂತ ಮೂರು ದಿನ ಮೊದಲು ಹುಟ್ಟುತ್ತಾಳೆ. ಬೇಗನೆ ಬೆಳೆದು ಮೈನೆರೆದು ಸಂಗಾತಿಯನ್ನು ಬಯಸಿ, ಯಾರೂ ಇಲ್ಲದ್ದರಿಂದ ತನ್ನಿಂದಲೇ ಬ್ರಹ್ಮನನ್ನು ಸೃಷ್ಟಿಸುತ್ತಾಳೆ. ತಾಯಿಯೆಂದು ನಿರಾಕರಿಸಿದ ಅವನನ್ನು ಸುಡುತ್ತಾಳೆ. ವಿಷ್ಣುವಿಗೂ ಅದೇ ಗತಿ. ಶಿವನು ಉಪಾಯದಿಂದ ಅವಳನ್ನೇ ಸುಡುತ್ತಾನೆ. ವಿದ್ವಾಂಸರ ಗಮನವೆಲ್ಲ ತಾಯಿಮಗನ ನಿಷಿದ್ಧ ಸಂಬಂಧದ ಮೇಲೆ ಹರಿದಿದೆ. ಅದಕ್ಕೂ ಮುಂಚಿನ 'ಮೂರು ದಿನ'ದ ಮೇಲೆ ಯಾರೂ ನಿಂತಂತಿಲ್ಲ. ಸೂರ್ಯನಿಲ್ಲದಾಗ ದಿನವೆಂದರೇನು? ಎಣಿಸುವವರಿಲ್ಲದಾಗ ಮೂರೆಂದರೇನು? ಇದು ಅಜ್ಞಾನದ ಅಜಾಗರೂಕತೆಯೆಂದು ಹೇಳಲು ಅವಸರಪಡಬಾರದು. ಬೈಬಲಿನ ಮೊದಲ ಅಧ್ಯಾಯದಲ್ಲಿಯೂ ಸೂರ್ಯನು ಹುಟ್ಟುವುದು ನಾಲ್ಕನೆಯ ದಿನ. ಅದಕ್ಕೆ ಮೊದಲು ಮೂರು ದಿನಗಳು ಹೇಗೆ ಕಳೆದವೆಂದು ಮೂರನೆಯ ಶತಮಾನದಲ್ಲಿ ಒರಿಜೆನ್ ಕೇಳಿದ್ದಾನೆ. ಸೃಷ್ಟಿಗೆ ಮೊದಲು ದೇವರು ಏನು ಮಾಡುತ್ತಿದ್ದನು ಎಂಬ ಪ್ರಶ್ನೆಗೆ ಅಗಸ್ಟೀನನು ಕಾಲವೂ ಸೃಷ್ಟಿಯೊಡನೆಯೇ ಹುಟ್ಟಿತು, ಆದ್ದರಿಂದ 'ಮೊದಲು' ಎಂಬುದೇ ಇಲ್ಲವೆಂದು ಉತ್ತರಿಸಿದನು. ಆದಿಶಕ್ತಿಯ ಕಥೆಗಾರನು ಇನ್ನೊಂದು ದಾರಿ ಹಿಡಿದಿದ್ದಾನೆ. ಮೊದಲೆಂಬುದನ್ನು ಅಳಿಸುವ ಬದಲು ಅದಕ್ಕೊಂದು ಸಣ್ಣ, ಮನೆಬಳಕೆಯ ಅಳತೆಯನ್ನು ಕೊಟ್ಟಿದ್ದಾನೆ. ಅನಾದಿಯೆನ್ನಲಿಲ್ಲ, ಕೋಟಿ ವರ್ಷವೆನ್ನಲಿಲ್ಲ; ಮೂರು ದಿನ ಎಂದನು. ಸವಣೂರಿನ ದೊಡ್ಡಹುಣಸೆ ಮರಗಳ ವಯಸ್ಸು ಹೇಳುವವರ ಉತ್ಸಾಹಕ್ಕೆ ತಕ್ಕಂತೆ ಸಾವಿರ, ಎರಡು ಸಾವಿರ, ಐದು ಸಾವಿರವೆಂದು ಏರುವುದುಂಟು. ಕಥೆಗಾರನಿಗೆ ಅಂಥ ಉತ್ಸಾಹವಿಲ್ಲ. ಮೂರು ದಿನವೆಂದರೆ ಅವಳು ಅನಾದಿಯಲ್ಲ, ಅವಳೂ ಹುಟ್ಟಿದವಳು. ಹಾಗಾದರೆ ಅವಳಿಗೆ ಮೊದಲೇನಿತ್ತು ಎಂದು ಕೇಳುಗನು ಕೇಳಲೆಂದೇ ತೆರೆದಿಟ್ಟ ಬಾಗಿಲದು. ಇದೇ ಕಥೆಯ ಆರಂಭವು ನಾಗೇಶಿಗೂ ಅಂತ್ಯವು ಹರದೇಶಿಗೂ ಒದಗಬಲ್ಲದೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಸೀಮೆಯ ಇಬ್ಬರು ಮಹನೀಯರು ಮೊದಲು ಯಾವುದು ಎಂಬ ಪ್ರಶ್ನೆಯನ್ನೇ ಬದಲಿಸಿದರು. ಶಿಗ್ಗಾಂವ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಪ್ರಸಿದ್ಧ ಕೀರ್ತನೆಯೊಂದು ದೇವರು ಮಾಯೆಯೊಳಗೋ ಮಾಯೆ ದೇವರೊಳಗೋ ಎಂದು ಕೇಳುತ್ತ, ಒಂದರೊಳಗೊಂದು ಇರುವ ಜೋಡಿಗಳನ್ನು ಹೆಣೆಯುತ್ತದೆ. 'ಯಾವುದು ಮೊದಲು' ಎಂಬುದು ಅಲ್ಲಿ 'ಯಾವುದು ಯಾವುದರೊಳಗೆ' ಎಂದಾಗಿದೆ. ಕಾಲದ ಸಾಲು ಹೋಗಿ ಪಾತ್ರೆಯ ರೂಪಕ ಬಂದಿದೆ. ಮಿತವಾದ ಪಾತ್ರೆಗಳಲ್ಲಿ ಅ ಎಂಬುದು ಬ ಎಂಬುದರೊಳಗೂ ಬ ಎಂಬುದು ಅ ಎಂಬುದರೊಳಗೂ ಇರಲಾಗದು. ಹಾಗಿರಬಹುದೆಂದು ಅನುಮಾನಿಸುವುದೇ ಮಿತದ ನಿಯಮ ಇಲ್ಲಿ ಸಲ್ಲದೆಂದು ಸೂಚಿಸಿದಂತೆ. ಶಿಶುನಾಳ ಶರೀಫರು (1819–1889) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಣ್ಣದು ದೊಡ್ಡದನ್ನು ನುಂಗುವ ಬೆಡಗಿನ ಚಿತ್ರಗಳ ಮೂಲಕ ಪಾತ್ರೆಯ ರೂಪಕವನ್ನೂ ಒಡೆಯುತ್ತಾರೆ. ಲೋಕಕ್ಕೆ ಆದಿಯಿದೆಯೆನ್ನುವ ಮನೆತನದ ಶ್ರದ್ಧೆ, ಅನಾದಿಯೆನ್ನುವ ಗುರು ಕಳಸದ ಗೋವಿಂದಭಟ್ಟರ ಪರಂಪರೆ. ಎರಡನ್ನೂ ಬಲ್ಲ ಶರೀಫರು ಯಾವ ಪಕ್ಷಕ್ಕೂ ಜಯಪತ್ರ ಬರೆದುಕೊಡಲಿಲ್ಲ.

ಆದರೆ ತತ್ವಪದಗಳ ವ್ಯಾಖ್ಯಾನಕಾರರ ವಿಷಯದಲ್ಲಿ ನನ್ನದೊಂದು ತಕರಾರಿದೆ. ಎಲ್ಲ ಬೆಡಗಿಗೂ ಕೊನೆಯಲ್ಲಿ 'ಬಯಲು' ಎಂದು ಅರ್ಥ ಬರೆದು ಮುಗಿಸುವುದು ವಾಡಿಕೆಯಾಗಿದೆ. ಅಲ್ಲಮನಿಂದ ಬಂದ ಈ ಪದದ ಘನತೆ ದೊಡ್ಡದು. ಆದಾಗ್ಯೂ ಪ್ರಶ್ನೆಯೊಂದನ್ನು ಅರ್ಥಹೀನವೆಂದು ತೋರಿಸುವುದಕ್ಕೂ ಅದಕ್ಕೆ ಬೆನ್ನು ತಿರುಗಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ವಾದ ಬೇಕು. ಅಗಸ್ಟೀನನು 'ಮೊದಲು' ಎಂಬುದಿಲ್ಲವೆಂದಾಗ ಏಕಿಲ್ಲವೆಂದೂ ಹೇಳಿದನು. ಬಯಲೆಂದು ಬರೆದುಬಿಡುವ ವ್ಯಾಖ್ಯಾನಕಾರನು ಏಕೆಂದು ಹೇಳುವುದಿಲ್ಲ. ಅವನು ಮಾಡುವುದು ಅಬಲೂರಿನ ಶಾಸನವು ಮಾಡಿದ್ದನ್ನೇ, ರಕ್ತವಿಲ್ಲದೆ.

ಇನ್ನು ಮಹಾಸ್ಫೋಟದ ಉತ್ಸಾಹಿಗಳ ಮಾತು. ವಿಶ್ವವು ಹಿಗ್ಗುತ್ತಿದೆಯೆಂಬುದು 1920ರ ದಶಕದಲ್ಲಿ ಲೆಮೇತ್ರ್ ಮತ್ತು ಹಬಲ್ ಅವರ ಕೆಲಸದಿಂದ ತಿಳಿದುಬಂತು. 1965ರಲ್ಲಿ ಆದಿಕಾಲದ ಶಾಖದ ಅವಶೇಷವಾದ ಸೂಕ್ಷ್ಮತರಂಗಗಳ ಪತ್ತೆ ಪ್ರಕಟವಾಯಿತು. ಇಂದಿನ ಲೆಕ್ಕದಲ್ಲಿ ಆ ಹಿಗ್ಗುವಿಕೆಯ ವಯಸ್ಸು ಸುಮಾರು 1380 ಕೋಟಿ ವರ್ಷ. ಇದು ಅತ್ಯುಷ್ಣ, ಅತಿಸಾಂದ್ರ ಸ್ಥಿತಿಯಿಂದ ಇತ್ತಲಿನ ಲೆಕ್ಕ. ಅದಕ್ಕೆ ಅತ್ತ ಏನಿತ್ತು, ಅತ್ತ ಎಂಬುದೇ ಇತ್ತೇ ಎಂಬುದು ಇನ್ನೂ ವಿವಾದದಲ್ಲಿದೆ. ಬೋರ್ಡ್, ಗೂತ್, ವಿಲೆಂಕಿನ್ ಅವರ 2003ರ ಪ್ರಮೇಯವು ಸರಾಸರಿ ಹಿಗ್ಗುತ್ತಲೇ ಇರುವ ವಿಶ್ವವನ್ನು ಅನಂತವಾಗಿ ಹಿಂದಕ್ಕೆ ಒಯ್ಯಲಾಗದೆಂದು ತೋರಿಸುತ್ತದೆ. ಆ ಅಂಚಿನಲ್ಲಿ ಏನಿದೆಯೆಂದು ಹೇಳುವುದಿಲ್ಲ. ರೋಜರ್ ಪೆನ್‌ರೋಸ್ ಕಲ್ಪಗಳ ಸರಪಳಿಯನ್ನು ಪ್ರತಿಪಾದಿಸಿದ್ದಾರೆ. ನಮ್ಮ ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿ 2025ರಲ್ಲಿ ನಿಧನರಾದ ಜಯಂತ ನಾರಳೀಕರರು ಹಾಯ್ಲ್ ಮತ್ತು ಬರ್ಬಿಜ್ ಅವರೊಡಗೂಡಿ 1993ರಲ್ಲಿ ಆದಿಯಿಲ್ಲದ ವಿಶ್ವದ ಮಾದರಿಯೊಂದನ್ನು ಮಂಡಿಸಿದರು. ಬಹುಪಾಲು ಖಗೋಳವಿಜ್ಞಾನಿಗಳು ಅದನ್ನು ಒಪ್ಪದಿದ್ದರೂ ಅವರು ಕೊನೆಯವರೆಗೆ ಮಹಾಸ್ಫೋಟವನ್ನು ಪ್ರಶ್ನಿಸುತ್ತಲೇ ಇದ್ದರು. ಹೀಗಿರುವಾಗ ನಮ್ಮ ಜನಪದರಿಗೆ ಯಾವುದು ಮೊದಲೇ ಗೊತ್ತಿತ್ತು? ಆದಿಯೇ, ಅನಾದಿಯೇ? ನೀರೇ ನೀರಾಗಿದ್ದ ಲೋಕದ ಹಾಡನ್ನು ಬಿಂದುಸ್ಫೋಟಕ್ಕೆ ಗಂಟುಹಾಕಿದವರು ನಾಳೆ ಸಿದ್ಧಾಂತ ಬದಲಾದರೆ ಹಾಡನ್ನೂ ಬದಲಿಸುತ್ತಾರೆಯೇ? ವಿಜ್ಞಾನದ ಮುದ್ರೆ ಒತ್ತಿ ಗೌರವ ಕೊಡಿಸಲು ಹೊರಟವರು ಹಾಡಿನ ಕೈಯಿಂದ ಅದರ ಸವಾಲನ್ನೇ ಕಿತ್ತುಕೊಂಡಿದ್ದಾರೆ.

ಇದರಿಂದ ಸಂಗ್ರಹಕಾರರಿಗೆ ಅನ್ವಯಿಸುವ ಒಂದು ಕಾರ್ಯವಿಧಾನದ ಸಂಗತಿ ಉಳಿಯುತ್ತದೆ. ಲಾವಣಿಗಳ ಹಲವು ಸಂಕಲನಗಳಲ್ಲಿ ಹರದೇಶಿ ಹಾಡುಗಳು ಒಂದು ಭಾಗದಲ್ಲಿ, ನಾಗೇಶಿ ಹಾಡುಗಳು ಇನ್ನೊಂದು ಭಾಗದಲ್ಲಿ ಅಚ್ಚಾಗಿವೆ. ಯಾವ ಸವಾಲಿಗೆ ಯಾವ ಜವಾಬು, ಯಾವ ಊರಿನಲ್ಲಿ, ಯಾವ ಜಾತ್ರೆಯ ರಾತ್ರಿ, ಮೊದಲು ಎದ್ದು ನಿಂತವರು ಯಾರು ಎಂಬ ವಿವರ ಓದುಗನಿಗೆ ದೊರೆಯುವುದಿಲ್ಲ. ಕಾಂಟನ ಎದುರುಬದುರು ಪುಟಗಳನ್ನು ಬಿಡಿಸಿ ಎಡಪುಟಗಳನ್ನೆಲ್ಲ ಒಂದು ಪುಸ್ತಕವಾಗಿ, ಬಲಪುಟಗಳನ್ನೆಲ್ಲ ಇನ್ನೊಂದು ಪುಸ್ತಕವಾಗಿ ಹೊಲಿದಂತೆ ಇದು. ಮೊದಲು ಹಾಡಿದವರು ಯಾರೆಂಬುದು ಕೇವಲ ಪ್ರದರ್ಶನದ ವಿವರವಲ್ಲ. ಸವಾಲು ಎಸೆದವರು ಸಾಧಿಸುವ ಹೊಣೆಯನ್ನು ಎದುರಾಳಿಯ ಮೇಲೆ ಹೊರಿಸುತ್ತಾರೆ: ಮೊದಲಿತ್ತೆಂದು ನೀನು ತೋರಿಸು ಎನ್ನುವುದಕ್ಕೂ ಮೊದಲಿರಲಿಲ್ಲವೆಂದು ನೀನು ತೋರಿಸು ಎನ್ನುವುದಕ್ಕೂ ಇರುವ ಅಂತರ ಅಷ್ಟಿಷ್ಟಲ್ಲ. ಸಂಕಲನದಲ್ಲಿ ಬಿಡಿಯಾಗಿ ನಿಂತ ನಾಗೇಶಿಯ ಹಾಡು ಸ್ತ್ರೀಸ್ತುತಿಯಂತೆ ಕಾಣುತ್ತದೆ. ಅದು ಉತ್ತರವಾಗಿ ಬಂದ ಸವಾಲನ್ನು ಪಕ್ಕದಲ್ಲಿಟ್ಟರೆ ಅದೇ ಹಾಡು ಖಂಡನೆಯಾಗಿ ಕಾಣುತ್ತದೆ. ಧ್ವನಿಮುದ್ರಣ ಮಾಡುವವರು ಒಂದು ಮೇಳದ ಸರದಿ ಮುಗಿದೊಡನೆ ಯಂತ್ರವನ್ನು ನಿಲ್ಲಿಸದೆ ಎರಡನೆಯ ಮೇಳ ದಪ್ಪು ಕಾಯಿಸಿಕೊಳ್ಳುವ ಬಿಡುವನ್ನೂ ಹಿಡಿದಿಡಬೇಕು. ಆ ಬಿಡುವಿನಲ್ಲಿ ಕೇಳುಗರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು, ಈ ಸುತ್ತಿನಲ್ಲಿ ಯಾರು ಸಿಕ್ಕಿಬಿದ್ದರು, ಯಾರು ನುಸುಳಿದರು ಎಂಬ ಅವರ ಎಣಿಕೆ, ನಮ್ಮ ಸಂಗ್ರಹಗಳಲ್ಲಿ ಎಲ್ಲಿಯೂ ಇಲ್ಲ.